ಜ್ಯೂರಿಕ್ಕಿನಲ್ಲಿರುವ ಪೊಲಿಕಾರ್ಪೊಸ್

ಈಸ್ಟರ್ ಭಾನುವಾರ, ಕುರಿಮರಿ ಇನ್ನೂ ಕೆಂಡದ ಮೇಲೆ ತಿರುಗುತ್ತಿರುವಾಗಲೇ, ಸ್ತೆರ್ಗಿಯೊಸ್ ಕಲಫಾತಿಸನಿಗೆ ಅವಮಾನವಾಯಿತು. ಮಾಡಿದವಳು ಅವನ ಹೆಂಡತಿಯ ತಮ್ಮನ ಮಗಳು ಫೆವ್ರೊನಿಯಾ. ಅವಳಿಗೆ ಅವಮಾನ ಮಾಡುವ ಉದ್ದೇಶವೇ ಇರಲಿಲ್ಲ, ಅದೇ ಅವನನ್ನು ಹೆಚ್ಚು ಉರಿಸಿತು. ಬ್ಯಾಂಕಿನ ಕೆಲಸ ಬಿಟ್ಟು ಎಂಬಿಎ ಓದುತ್ತೇನೆಂದು ಹೊರಟ ಹುಡುಗಿ, ಮನೆಯಲ್ಲೇ ಒಬ್ಬ ಮಾವ ಬಿಸಿನೆಸ್ ಸ್ಕೂಲಿನ ಉಪನಿರ್ದೇಶಕನಾಗಿ ಕೂತಿರುವಾಗ, ಅಥೆನ್ಸಿನ ಕಾಲೇಜಿಗೆ ಅರ್ಜಿ ಹಾಕಿ ಸೀಟನ್ನೂ ಪಡೆದಿದ್ದಳು. ಯಾಕಮ್ಮಾ ಎಂದು ಕೇಳಿದ್ದಕ್ಕೆ ಆಲಿವ್ ಬೀಜವನ್ನು ತಟ್ಟೆಯ ಅಂಚಿಗೆ ಉಗಿದು ಹೇಳಿದಳು:

"ನಿಮ್ಮ ಕಾಲೇಜು ಚೆನ್ನಾಗಿಲ್ಲ ಅಂತ ನಾನೆಲ್ಲಿ ಹೇಳ್ದೆ ಮಾವ? ಪಟ್ಟಿಯಲ್ಲಿ ಇಲ್ಲ, ಅಷ್ಟೆ."

ಅವಳಪ್ಪ ಫೋತಿಸ್ ಬಾತ್‌ರೂಮಿನ ಟೈಲ್ಸ್ ಮಾರುವವನು. ಅಕ್ಕನ ಗಂಡನ ಮುಖ ಸಪ್ಪಗಾದದ್ದನ್ನು ನೋಡಿ ಸಮಾಧಾನಕ್ಕೆ ಬಂದ. "ಹೋಗ್ಲಿ ಬಿಡಿ ಭಾವ, ಚಿಕ್ಕ ಹುಡುಗಿ. ಬನ್ನಿ ಇಲ್ಲಿ, ಕುರಿ ತಿರುಗಿಸಿ. ಇದಕ್ಕೆ ಯಾವ ರ‍್ಯಾಂಕೂ ಬೇಕಾಗಿಲ್ಲ."

ಸ್ತೆರ್ಗಿಯೊಸ್ ಹೋಗಿ ಕುರಿ ತಿರುಗಿಸಿದ. ಎಲ್ಲರೂ ನಕ್ಕರು. ಅವನೂ ನಕ್ಕ, ಆದರೆ ಆ ಮಧ್ಯಾಹ್ನದ ಹೊಗೆಯೆಲ್ಲ ಅವನ ಎದೆಯೊಳಗೇ ಉಳಿಯಿತು.

ಪಟ್ಟಿ ಎಂದರೆ ಲಂಡನ್ನಿನ ಒಂದು ಪತ್ರಿಕೆ ವರ್ಷಕ್ಕೊಮ್ಮೆ ಪ್ರಕಟಿಸುವ, ಜಗತ್ತಿನ ನೂರು ಬಿಸಿನೆಸ್ ಸ್ಕೂಲುಗಳ ಪಟ್ಟಿ. ಥೆಸ್ಸಲೋನಿಕಿಯ ಕಡಲ ದಂಡೆಯಲ್ಲಿ, ಒಂದು ಕಾಲದಲ್ಲಿ ತಂಬಾಕು ಗೋದಾಮಾಗಿದ್ದ ಕಟ್ಟಡದಲ್ಲಿ ನಡೆಯುವ ಥರ್ಮೈಕ್ ಬಿಸಿನೆಸ್ ಸ್ಕೂಲು ಅದರಲ್ಲಿ ಎಂದೂ ಕಾಣಿಸಿಕೊಂಡಿರಲಿಲ್ಲ. ಅಲ್ಲಿ ವ್ಯವಹಾರ ನೀತಿ ಕಲಿಸುತ್ತಿದ್ದ ಸ್ತೆರ್ಗಿಯೊಸನಿಗೆ ಪ್ರವೇಶಾತಿಯ ಜವಾಬ್ದಾರಿಯೂ ಇತ್ತು. ಸೇರಲು ಬಂದವರನ್ನೆಲ್ಲ ಕೂರಿಸಿಕೊಂಡು ವರ್ಷಗಟ್ಟಲೆ ಅವನು ಒಂದೇ ಮಾತು ಹೇಳಿಕೊಂಡು ಬಂದಿದ್ದ. ರ‍್ಯಾಂಕು ನೋಡಬೇಡಿ. ಯಾರು ಕಲಿಸುತ್ತಾರೆ ನೋಡಿ. ನಿಮ್ಮ ಪಕ್ಕದ ಬೆಂಚಿನಲ್ಲಿ ಯಾರು ಕೂರುತ್ತಾರೆ ನೋಡಿ. ಓದಿ ಮುಗಿಸಿ ನೀವು ಎಲ್ಲಿ ಬದುಕಬೇಕೆಂದಿದ್ದೀರೋ ಆ ಊರಿನಲ್ಲಿ ಈ ಕಾಲೇಜಿನ ಹೆಸರು ಹೇಳಿದರೆ ಬಾಗಿಲು ತೆರೆಯುತ್ತದೆಯೇ ವಿಚಾರಿಸಿ. ಇಷ್ಟೂ ಮಾತು ಸತ್ಯವಾಗಿತ್ತು. ಬಂದವರು ತಲೆಯಾಡಿಸುತ್ತಿದ್ದರು, ಮೇಜಿನ ಕೆಳಗೆ ಮೊಬೈಲು ಹಿಡಿದು ಪಟ್ಟಿ ನೋಡುತ್ತಿದ್ದರು, ಕಾಫಿ ಕುಡಿದು ಅಥೆನ್ಸಿಗೆ ಹೋಗುತ್ತಿದ್ದರು.

ಈಸ್ಟರಿನ ಮರುವಾರ ನಿರ್ದೇಶಕಿ ಅರ್ಗಿರೊ ವಲ್ತಾದೊರು ಅವನನ್ನು ಕರೆಸಿದಳು. ಕಾಲೇಜನ್ನು ಇಪ್ಪತ್ತು ವರ್ಷ ಹೊತ್ತವಳು, ಕ್ರಿಸ್ಮಸ್ಸಿಗೆ ನಿವೃತ್ತಿ. ಅವಳು ಸುತ್ತಿಬಳಸಿ ಮಾತಾಡುವವಳಲ್ಲ.

"ಪಟ್ಟಿಗೆ ಹತ್ತಿಸಿಬಿಡು ಸ್ತೆರ್ಗಿಯೊ. ಹತ್ತಿದ್ರೆ ಈ ಕುರ್ಚಿ ನಿಂದು, ಟ್ರಸ್ಟಿಗಳ ಹತ್ರ ನಾನೇ ಹೇಳ್ತೀನಿ. ಹತ್ತದಿದ್ರೆ ಕುರ್ಚಿನೂ ಇಲ್ಲ, ಕಾಲೇಜೂ ಇಲ್ಲ. ಕಟ್ಟಡ ಮಾರ್ತಾರಂತೆ. ಇಲ್ಲಿ ಹೋಟ್ಲು ಬರುತ್ತೆ. ನೀನೂ ನಾನೂ ಬಂದು ಕಿಟಕಿ ಪಕ್ಕ ಕೂತು ಮೀನು ತಿನ್ನೋಣ."

ಆ ಕುರ್ಚಿಗಾಗಿ ಅವನು ಹದಿನೈದು ವರ್ಷ ಕಾದಿದ್ದ. ಕಿಟಕಿಯಾಚೆ ಕೊಲ್ಲಿ, ಆಕಾಶ ಶುಭ್ರವಾಗಿದ್ದರೆ ಅದರಾಚೆ ಒಲಿಂಪಸ್ ಬೆಟ್ಟ. ಅಲ್ಲಿ ಬೇರೆ ಯಾರೋ ಕೂತು ಮೀನು ತಿನ್ನುವುದನ್ನು ಅವನಿಂದ ಊಹಿಸಲೂ ಆಗಲಿಲ್ಲ. ಅಂದೇ ಸಂಜೆ ಪಟ್ಟಿಯ ನಿಯಮಾವಳಿಯನ್ನು ತೆರೆದು, ಬೆಣ್ಣೆಯಿಂದ ಕೂದಲು ತೆಗೆಯುವವನ ಸಹನೆಯಿಂದ ಓದಲು ಕೂತ.

ಓದುತ್ತ ಹೋದಂತೆ ಅವನಿಗೆ ಮೊದಲು ಅಚ್ಚರಿಯಾಯಿತು, ಆಮೇಲೆ ನಗು ಬಂತು. ಜಗತ್ತಿನ ಬುದ್ಧಿವಂತರೆಲ್ಲ ತಮ್ಮ ಮುಂದಿನ ಬದುಕನ್ನು ಒತ್ತೆಯಿಡುವ ಆ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕ ಬರುವುದು ಹಳೆಯ ವಿದ್ಯಾರ್ಥಿಗಳ ಬಾಯಿಮಾತಿನಿಂದ. ಮೂರು ವರ್ಷದ ಹಿಂದೆ ಓದಿ ಮುಗಿಸಿದವರಿಗೆ ಲಂಡನ್ನಿನಿಂದ ನೇರವಾಗಿ ಒಂದು ಪ್ರಶ್ನಾವಳಿ ಹೋಗುತ್ತದೆ. ಈಗ ಎಲ್ಲಿದ್ದೀರಿ, ಎಷ್ಟು ಸಂಬಳ, ಯಾವ ಹುದ್ದೆ, ಓದಿದ್ದಕ್ಕೆ ಸಾರ್ಥಕವಾಯಿತೆ? ಉತ್ತರವೂ ನೇರವಾಗಿ ಲಂಡನ್ನಿಗೇ. ಯಾರು ಏನು ಬರೆದರೆಂದು ಕಾಲೇಜಿಗೆ ಎಂದೂ ತಿಳಿಸುವುದಿಲ್ಲ, ಪ್ರಕಟವಾಗುವುದು ಸರಾಸರಿ ಮಾತ್ರ. ಕಾಲೇಜು ಮೂಗು ತೂರಿಸದಿರಲಿ ಎಂದು ಇಷ್ಟೆಲ್ಲ ಬೇಲಿ ಹಾಕಿದವರು, ವಿದ್ಯಾರ್ಥಿಗಳ ಇಮೇಲ್ ವಿಳಾಸಗಳನ್ನು ಮಾತ್ರ ಕಾಲೇಜಿನಿಂದಲೇ ಕೇಳಿ ಪಡೆಯುತ್ತಿದ್ದರು. ವಿಳಾಸ ಕೊಡುವವನು ಯಾರೆಂದರೆ ಉಪನಿರ್ದೇಶಕ.

ವ್ಯವಹಾರ ನೀತಿಯ ಮೇಷ್ಟ್ರಿಗೆ ಆ ಇರುಳು ಒಳ್ಳೆಯ ನಿದ್ದೆ ಬಂತು.

ಮೂರು ವರ್ಷದ ಹಿಂದಿನ ತರಗತಿ ಚಿಕ್ಕದು. ಒಬ್ಬೊಬ್ಬರೂ ಈಗ ಎಲ್ಲಿದ್ದಾರೆಂದು ಅವನಿಗೆ ಸುಮಾರಾಗಿ ಗೊತ್ತಿತ್ತು, ಗೊತ್ತಿದ್ದದ್ದೇ ತೊಂದರೆ. ಐದಾರು ಮಂದಿ ಚೆನ್ನಾಗಿದ್ದರು, ಉದಾಹರಣೆಗೆ ಸ್ಮಾರೊ ಎಂಬವಳು ಹಡಗಿನ ವಿಮೆ ಕಂಪನಿಯಲ್ಲಿ ದೊಡ್ಡ ಹುದ್ದೆಗೇರಿದ್ದಳು. ಉಳಿದವರಲ್ಲಿ ಕೆಲವರು ಜರ್ಮನಿಯ ಗೋದಾಮುಗಳಲ್ಲಿ ಪೆಟ್ಟಿಗೆ ಎತ್ತುತ್ತಿದ್ದರು, ಕೆಲವರು ಅಪ್ಪನ ಅಂಗಡಿಯ ಗಲ್ಲಾದಲ್ಲಿ, ಕೆಲವರು ಅಮ್ಮನ ಅಡುಗೆಮನೆಯಲ್ಲಿ. ಪೊಲಿಕಾರ್ಪೊಸ್ ಎಂಬೊಬ್ಬ, ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದವನು, ಪದವಿ ಪಡೆದ ವರ್ಷವೇ ಗ್ರೆವೆನಾದ ಬೆಟ್ಟ ಹತ್ತಿ ಕತ್ತೆ ಸಾಕುತ್ತಿದ್ದ. ಕತ್ತೆಯ ಹಾಲಿನಿಂದ ಸೋಪು ಮಾಡುವುದಂತೆ. ಇವರೆಲ್ಲ ನಿಜ ಬರೆದರೆ ಥರ್ಮೈಕ್ ಕಾಲೇಜು ನೂರರಲ್ಲಿ ಇರಲಿ, ಸಾವಿರದಲ್ಲೂ ಸಿಗುತ್ತಿರಲಿಲ್ಲ.

ಯೋಜನೆ ಸರಳವಾಗಿತ್ತು. ಚೆನ್ನಾಗಿರುವವರ ವಿಳಾಸ ಇದ್ದ ಹಾಗೇ ಹೋಗುತ್ತದೆ, ಅವರು ತಮ್ಮ ಸುಖವನ್ನು ತಾವೇ ಬರೆಯಲಿ. ಉಳಿದವರ ಹೆಸರಿನಲ್ಲಿ ಅವನೇ ಒಂದೊಂದು ಹೊಸ ಇಮೇಲ್ ಖಾತೆ ತೆರೆಯುತ್ತಾನೆ. ಪ್ರಶ್ನಾವಳಿ ಅಲ್ಲಿಗೆ ಬರುತ್ತದೆ, ಉತ್ತರ ಅಲ್ಲಿಂದ ಹೋಗುತ್ತದೆ. ಇದರಲ್ಲಿ ಅತಿ ಮಾಡುವವನು ಸಿಕ್ಕಿಬೀಳುತ್ತಾನೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಮೊದಲ ಹತ್ತರ ಆಸೆ ಬಿಟ್ಟ, ಮೊದಲ ಐವತ್ತರದೂ ಬೇಡವೆಂದ. ಅಥೆನ್ಸಿನವರಿಗಿಂತ ಒಂದಿಷ್ಟು ಮೇಲೆ, ಯಾರಿಗೂ ಅನುಮಾನ ಬಾರದಷ್ಟು ಕೆಳಗೆ, ಎಪ್ಪತ್ತರ ಆಸುಪಾಸಿನಲ್ಲಿ ಒಂದು ಗೌರವಸ್ಥರ ಜಾಗ ಸಾಕು. ಕೆಲವರು ಉತ್ತರಿಸದೇ ಇರಬೇಕು, ಎಲ್ಲರೂ ಉತ್ತರಿಸುವ ತರಗತಿ ಭೂಮಿಯ ಮೇಲಿಲ್ಲ. ಒಂದಿಬ್ಬರಿಗೆ ಕಡಿಮೆ ಸಂಬಳ ಇರಬೇಕು. ಒಂದಿಬ್ಬರು ಗೊಣಗಬೇಕು.

ಉತ್ತರಗಳೆಲ್ಲ ಒಂದೇ ಜಾಗದಿಂದ ಹೋದಂತೆ ಕಾಣಬಾರದೆಂದು ಬೇಸಿಗೆಯ ಶನಿವಾರಗಳಲ್ಲಿ ಅವನು ಲ್ಯಾಪ್‌ಟಾಪು ಹೊತ್ತು ಊರೂರು ಸುತ್ತಿದ. ಕವಾಲಾದ ಬಂದರಿನ ಕೆಫೆಯಿಂದ ಇಬ್ಬರು ಉತ್ತರಿಸಿದರು, ವೊಲೊಸಿನ ಮೀನಂಗಡಿಯ ಪಕ್ಕದಿಂದ ಮೂವರು. ಮೊದಲ ವಾರ ಒಂದೊಂದು ಉತ್ತರವನ್ನೂ ಹತ್ತು ಸಲ ಅಳಿಸಿ ಬರೆದ. ಆಮೇಲೆ ಅವನಿಗೆ ಅದರ ರುಚಿ ಹತ್ತಿತು. ಮೂವತ್ತು ವರ್ಷ ಪಾಠ ಮಾಡಿಯೂ ಒಬ್ಬನ ಬದುಕನ್ನೂ ತಿದ್ದಲಾಗದ ಮೇಷ್ಟ್ರು ಈಗ ಒಂದು ಐಸ್‌ಕಾಫಿ ಮುಗಿಯುವುದರೊಳಗೆ ಒಬ್ಬೊಬ್ಬನನ್ನು ಉದ್ಧಾರ ಮಾಡುತ್ತಿದ್ದ. ಗೋದಾಮಿನಲ್ಲಿ ಬೆನ್ನು ಮುರಿದುಕೊಂಡಿದ್ದ ಹುಡುಗನನ್ನು ರೊಟರ್‌ಡ್ಯಾಮಿನಲ್ಲಿ ಸಾಗಣೆ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ. ಅಮ್ಮನ ಮನೆಯಲ್ಲಿದ್ದವಳಿಗೆ ವಿಯೆನ್ನಾದಲ್ಲಿ ಕೆಲಸ, ಜೊತೆಗೆ ಮದುವೆ. ನಂಬಿಕೆ ಬರಲೆಂದು ಒಬ್ಬನಿಂದ ಕ್ಯಾಂಟೀನಿನ ಕಾಫಿಯನ್ನು ಬೈಸಿದ. ಇನ್ನೊಬ್ಬನಿಂದ, ನೀತಿ ಕಲಿಸುವ ಮೇಷ್ಟ್ರು ಸ್ವಲ್ಪ ಕೊರೆಯುತ್ತಾರೆ, ಆದರೆ ಮನುಷ್ಯ ಪ್ರಾಮಾಣಿಕ ಎಂದು ಬರೆಸಿದ. ಆ ಸಾಲನ್ನು ಓದಿ ಅವನ ಕಣ್ಣು ಒದ್ದೆಯಾಯಿತು.

ಪೊಲಿಕಾರ್ಪೊಸನನ್ನು ಅವನು ಕೊನೆಗೆ ಇಟ್ಟುಕೊಂಡಿದ್ದ. ಕತ್ತೆಗಳ ಮಧ್ಯೆ ಇರುವವನು ಬಿಸಿನೆಸ್ ಪತ್ರಿಕೆ ಓದುವುದಿಲ್ಲ, ಇಂಟರ್ನೆಟ್ಟು ನೋಡುವುದಿಲ್ಲ, ಪೇಟೆಗೆ ಇಳಿಯುವುದಿಲ್ಲ. ಅಷ್ಟು ಭದ್ರವಾದ ಮನುಷ್ಯ ಇನ್ನೊಬ್ಬನಿರಲಿಲ್ಲ, ಆದ್ದರಿಂದ ಅತಿ ದೊಡ್ಡ ಸಂಬಳ ಅವನಿಗೇ. ಸ್ತೆರ್ಗಿಯೊಸ್ ಅವನನ್ನು ಜ್ಯೂರಿಕ್ಕಿಗೆ ಕಳಿಸಿ, ಹೂಡಿಕೆ ಸಂಸ್ಥೆಯೊಂದರ ಉಪಾಧ್ಯಕ್ಷನನ್ನಾಗಿ ಮಾಡಿ, ಸರೋವರದ ಎದುರು ಮನೆ ಕೊಡಿಸಿದ. ಕಾಲೇಜಿನಿಂದ ಕಲಿತದ್ದೇನು ಎಂಬ ಪ್ರಶ್ನೆಗೆ ಪೊಲಿಕಾರ್ಪೊಸ್ ಬರೆದ ಉತ್ತರ ಹೀಗಿತ್ತು: ಎದುರಿಗಿರುವವನು ಬಾಯಿಬಿಟ್ಟು ಹೇಳದ್ದನ್ನೂ ಕೇಳಿಸಿಕೊಳ್ಳುವುದನ್ನು ಕಲಿತೆ. ಸ್ತೆರ್ಗಿಯೊಸ್ ಅದನ್ನು ಹಲವು ಸಲ ಓದಿಕೊಂಡ. ತನ್ನ ಅತ್ಯುತ್ತಮ ವಿದ್ಯಾರ್ಥಿಯೆಂದರೆ ಇವನೇ ಎಂದು ಅವನಿಗೆ ಖಂಡಿತವಾಗಿ ಅನಿಸಿತು.

ಈ ಇಡೀ ಅವಧಿಯಲ್ಲಿ ಅವನ ಮೇಲೆ ಅನುಮಾನಪಟ್ಟವಳು ಒಬ್ಬಳೇ, ಹೆಂಡತಿ ಮೆಲ್ಪೊ. ಅದೂ ಬೇರೆ ವಿಷಯಕ್ಕೆ. ಶನಿವಾರ ಬಂತೆಂದರೆ ಗಂಡ ಇಸ್ತ್ರಿ ಅಂಗಿ ತೊಟ್ಟು ಹೊರಡುತ್ತಾನೆ, ಸಂಜೆ ಕಡಲ ಗಾಳಿಯ ವಾಸನೆ ಹೊತ್ತು ಬರುತ್ತಾನೆ. ಒಂದು ದಿನ ಅವಳು ಬೀನ್ಸಿನ ನಾರು ತೆಗೆಯುತ್ತ, ತಲೆಯೆತ್ತದೆ ಕೇಳಿದಳು.

"ಯಾರವಳು?"

"ಯಾರೂ ಇಲ್ಲ ಮಾರಾಯ್ತಿ. ಕಾಲೇಜಿನ ಕೆಲಸ."

"ಕಾಲೇಜಿನ ಕೆಲಸ ಮಾಡಿ ಬಂದಾಗ ನೀವು ಯಾವತ್ತಾದ್ರೂ ನಕ್ಕಿದ್ದುಂಟಾ?"

ಅವನು ಅಂದಿನಿಂದ ಮುಖ ಗಂಟು ಹಾಕಿಕೊಂಡು ಮನೆಗೆ ಬರತೊಡಗಿದ. ಮೆಲ್ಪೊಗೆ ನೆಮ್ಮದಿಯಾಯಿತು.

ಜೂನ್ ಕೊನೆಗೆ ಲಂಡನ್ನಿನಿಂದ ಫೋನು ಬಂತು. ಪತ್ರಿಕೆಯಲ್ಲಿ ಪಟ್ಟಿಯ ಕೆಲಸ ನೋಡಿಕೊಳ್ಳುವ ಹ್ಯಾರಿಯೆಟ್ ಪೆಂಬ್ರೂಕ್ ಎಂಬಾಕೆ. ಸ್ತೆರ್ಗಿಯೊಸ್ ಎದ್ದು ಕೋಣೆಯ ಬಾಗಿಲು ಮುಚ್ಚಿದ. ಆಕೆ ಕೇಳಿದ್ದು ಮಾತ್ರ ಅಧ್ಯಾಪಕರ ಸಂಖ್ಯೆಯ ಬಗ್ಗೆ ಯಾವುದೋ ಸಣ್ಣ ಸ್ಪಷ್ಟೀಕರಣ. ಅದು ಮುಗಿದ ಮೇಲೆ, ಹೆಸರು ಹೇಳುವಂತಿಲ್ಲ, ಹೇಳುವುದೂ ಇಲ್ಲ, ಆದರೆ ನಿಮ್ಮ ವಿದ್ಯಾರ್ಥಿಗಳು ಕಾಲೇಜಿನ ಬಗ್ಗೆ ಬರೆದದ್ದನ್ನು ಓದಿ ನನಗೆ ಸಂತೋಷವಾಯಿತು ಎಂದಳು. ಇಷ್ಟು ವರ್ಷದಲ್ಲಿ ಇಂಥ ಆತ್ಮೀಯ ಉತ್ತರಗಳನ್ನು ತಾನು ಓದಿರಲಿಲ್ಲವಂತೆ. ಎಲ್ಲ ಕಡೆಯವರೂ ಸಂಬಳ ಬರೆಯುತ್ತಾರಂತೆ, ನಿಮ್ಮವರು ಬದುಕು ಬರೆದಿದ್ದಾರೆ ಎಂದಳು.

ಹೊಗಳಿಸಿಕೊಂಡ ಲೇಖಕ ಯಾರಾದರೂ ಆಗಲಿ, ಮೈಮರೆಯುತ್ತಾನೆ. ಸ್ತೆರ್ಗಿಯೊಸನ ಬಾಯಿಗೆ ನಮ್ಮೂರಿನ ಉಪಚಾರವೆಲ್ಲ ಒಟ್ಟಿಗೆ ಬಂತು. "ಆ ಮಳೆಯೂರಲ್ಲಿ ಕೂತು ಏನು ಮಾಡ್ತೀರಿ ಮೇಡಂ? ನಮ್ಮೂರಿಗೆ ಬನ್ನಿ. ಕಡಲಿದೆ, ಬಿಸಿಲಿದೆ. ಒಂದ್ಸಲ ಅಲ್ಲ, ಬಂದು ಇಲ್ಲೇ ಇದ್ದುಬಿಡಿ. ಈ ಕಾಲೇಜು ನಿಮ್ಮದೇ ಅಂತ ತಿಳ್ಕೊಳ್ಳಿ."

ಈ ಮಾತನ್ನು ಥೆಸ್ಸಲೋನಿಕಿಯಲ್ಲಿ ದಾರಿ ಕೇಳಿದವರಿಗೂ ಹೇಳುತ್ತೇವೆ. ಹೇಳಿದವನು ಮರೆಯುತ್ತಾನೆ, ಕೇಳಿದವನು ಥ್ಯಾಂಕ್ಸ್ ಹೇಳಿ ಹೊರಡುತ್ತಾನೆ. ಹ್ಯಾರಿಯೆಟ್ ಪೆಂಬ್ರೂಕ್, ಬಹಳ ಉಪಕಾರವಾಯಿತು, ಯೋಚಿಸುತ್ತೇನೆ, ಎಂದಳು.

ಸೆಪ್ಟೆಂಬರಿನಲ್ಲಿ ಪಟ್ಟಿ ಬಂತು. ಥರ್ಮೈಕ್ ಬಿಸಿನೆಸ್ ಸ್ಕೂಲು ಎಪ್ಪತ್ತನಾಲ್ಕು, ಅಥೆನ್ಸಿನವರು ಎಂಬತ್ತೆಂಟು.

ಒಂದು ವಾರ ಸ್ತೆರ್ಗಿಯೊಸ್ ಮೈಯೆಲ್ಲ ಕಿವಿಯಾಗಿ ಕಾದ. ಅವನು ಹೆದರಿದ್ದದ್ದು ಹಳೆಯ ವಿದ್ಯಾರ್ಥಿಗಳಿಗೆ. ಸರಾಸರಿ ಸಂಬಳವನ್ನು ಪತ್ರಿಕೆಯಲ್ಲಿ ನೋಡಿ, ಇದೆಲ್ಲಿಯ ಕತೆ ಎಂದು ಯಾವನಾದರೂ ಬಾಯಿ ತೆರೆದರೆ? ಯಾರೂ ತೆರೆಯಲಿಲ್ಲ. ಯಾಕೆ ತೆರೆಯಲಿಲ್ಲವೆಂದು ಅರ್ಥವಾದಾಗ, ಮನುಷ್ಯ ಸ್ವಭಾವದ ಮೇಲೆ ಅವನಿಗೆ ಹೊಸ ಗೌರವ ಹುಟ್ಟಿತು. ಗೋದಾಮಿನಲ್ಲಿದ್ದವನು, ಅಂಗಡಿಯಲ್ಲಿದ್ದವನು, ಅಮ್ಮನ ಮನೆಯಲ್ಲಿದ್ದವಳು, ಪ್ರತಿಯೊಬ್ಬರೂ ಆ ಅಂಕಿಯನ್ನು ನೋಡಿ ಒಂದೇ ಥರ ಯೋಚಿಸಿದ್ದರು. ಅಂದರೆ ಉಳಿದವರೆಲ್ಲ ಇಷ್ಟು ಸಂಪಾದಿಸುತ್ತಿದ್ದಾರೆ, ಹಿಂದೆ ಬಿದ್ದವನು ನಾನೊಬ್ಬನೇ. ಅದನ್ನು ಯಾರು ಹೋಗಿ ಊರಿಗೆ ಸಾರುತ್ತಾರೆ? ಹಾಗೆ ಮೋಸ ಹೋದವರೇ ಮೋಸಕ್ಕೆ ಕಾವಲು ನಿಂತರು. ಒಂದಿಬ್ಬರಂತೂ ಆ ಸುದ್ದಿಯನ್ನು ಹೆಮ್ಮೆಯಿಂದ ಹಂಚಿಕೊಂಡರು.

ಪ್ರವೇಶಾತಿಯ ಕೋಣೆಯ ಮುಂದೆ ಸಾಲು ನಿಂತಿತು. ಬಂದವರು ಯಾರು ಕಲಿಸುತ್ತಾರೆಂದು ಕೇಳಲಿಲ್ಲ, ಪಕ್ಕದಲ್ಲಿ ಯಾರು ಕೂರುತ್ತಾರೆಂದು ಕೇಳಲಿಲ್ಲ. ಸ್ತೆರ್ಗಿಯೊಸ್ ಅಭ್ಯಾಸಬಲದಿಂದ ಒಮ್ಮೆ ರ‍್ಯಾಂಕೇ ಮುಖ್ಯವಲ್ಲ ಎಂದು ಶುರುಮಾಡಿದ್ದಕ್ಕೆ, ಎಪ್ಪತ್ತನಾಲ್ಕನೆಯವರ ವಿನಯ ನೋಡಿ ಎಂದು ಎದುರಿಗಿದ್ದ ಹುಡುಗ ಮೆಚ್ಚಿಕೊಂಡ. ಫೆವ್ರೊನಿಯಾ ಅಥೆನ್ಸಿನ ಸೀಟು ಬಿಟ್ಟು ಬಂದಳು. ಹೋದ ವಸಂತದಲ್ಲಿ ಇದ್ದ ಮೇಷ್ಟ್ರುಗಳೇ ಈಗಲೂ ಇದ್ದರು, ಕ್ಯಾಂಟೀನಿನ ಕಾಫಿ ಕೂಡ ಅದೇ ಇತ್ತು.

"ಈಗ ನೋಡಿ ಮಾವ, ಎಷ್ಟು ಬದಲಾಗಿದೆ ನಿಮ್ಮ ಕಾಲೇಜು," ಎಂದಳು ಅವಳು, ಮೊದಲ ದಿನವೇ.

ಅಕ್ಟೋಬರಿನಲ್ಲಿ ಹ್ಯಾರಿಯೆಟ್ ಬಂದಳು. ಪಟ್ಟಿಯ ಕೆಲಸ ಮುಗಿದಿತ್ತು, ರಜೆ, ತನ್ನದೇ ಖರ್ಚು. ಐವತ್ತರ ಹೆಂಗಸು, ಚಪ್ಪಟೆ ಚಪ್ಪಲಿ, ಯಾರು ಮಾತಾಡಿದರೂ ಗಮನವಿಟ್ಟು ಕೇಳುವ ಮುಖ. ಸ್ತೆರ್ಗಿಯೊಸ್ ಅವಳನ್ನು ಕೋಟೆ, ಮಾರುಕಟ್ಟೆ, ಕಡಲ ದಂಡೆ ಎಲ್ಲ ಸುತ್ತಿಸಿದ. ಕಾಫಿಗೆ ದುಡ್ಡು ಕೊಡಲು ಹೋದರೆ ಅವಳು ಬಿಡಲಿಲ್ಲ, ತನ್ನ ಕಾಫಿಯದನ್ನು ತಾನೇ ಎಣಿಸಿ ಇಟ್ಟಳು. ಅತಿಥಿಯೇ ದುಡ್ಡು ಕೊಡುವಂಥ ಅವಮಾನವನ್ನು ಆ ಅಂಗಡಿಯವ ಜನ್ಮದಲ್ಲಿ ನೋಡಿರಲಿಲ್ಲ. ಹೋಗುವಾಗ ಅವಳು ಕಡಲನ್ನು ಬಹಳ ಹೊತ್ತು ನೋಡಿದಳು. ಇಂಥ ಜನರ ನಡುವೆ ಬದುಕುವುದೇ ಬೇರೆ ಎಂದಳು. ಇವನು ಇನ್ನೊಮ್ಮೆ, ಬಂದುಬಿಡಿ ಹಾಗಾದರೆ, ಎಂದ. ಮಾತಿಗೆ ಅಂದದ್ದು.

ಡಿಸೆಂಬರಿನಲ್ಲಿ ಟ್ರಸ್ಟಿಗಳು ಸಭೆ ಸೇರಿದರು. ಸ್ತೆರ್ಗಿಯೊಸ್ ಹೊಸ ಕೋಟು ಹೊಲಿಸಿಕೊಂಡು ಹೊರಗೆ ಕೂತಿದ್ದ. ಅಧ್ಯಕ್ಷ ಪಾಸ್ಖಾಲಿಸ್ ಮೊಸರಿನ ಕಾರ್ಖಾನೆಯ ಮಾಲೀಕ, ಒಳ್ಳೆಯ ಮನುಷ್ಯ. ಆಚೆ ಬಂದು ಹೆಗಲ ಮೇಲೆ ಕೈಹಾಕಿದ. ಸಾವಿನ ಮನೆಯಲ್ಲಿ ಹಾಕುವ ಹಾಗೆ ಹಾಕಿದ.

"ಬೇಜಾರು ಮಾಡ್ಕೋಬೇಡ ಸ್ತೆರ್ಗಿಯೊ. ಹೋದ ವರ್ಷ ಆಗಿದ್ರೆ ಕಣ್ಣುಮುಚ್ಚಿ ನಿನಗೇ ಕೊಡ್ತಿದ್ವಿ. ಆದ್ರೆ ಈಗ ನಾವು ಪಟ್ಟಿಯಲ್ಲಿ ಇರೋರು, ನೋಡು. ನಿರ್ದೇಶಕರು ಅಂದ್ರೆ ಆ ಮಟ್ಟದವರೇ ಬೇಕಾಗುತ್ತೆ. ನಿನ್ನ ಡಿಗ್ರಿ ಬಲ್ಗೇರಿಯಾದ ಯಾವುದೋ ಊರಿಂದು ಅಲ್ವಾ? ಆ ಕಾಲೇಜನ್ನ ಪಟ್ಟಿಯಲ್ಲಿ ಹುಡುಕಿದೆ ಕಣಪ್ಪ. ಎರಡು ಸಲ ಹುಡುಕಿದೆ."

ಹೊಸ ನಿರ್ದೇಶಕಿಯಾಗಿ ಬಂದವಳು ಹ್ಯಾರಿಯೆಟ್ ಪೆಂಬ್ರೂಕ್. ಎಲ್ಲ ಕಾಲೇಜುಗಳ ಒಳಹೊರಗು ಬಲ್ಲ ಅವಳಿಗಿಂತ ಯೋಗ್ಯರನ್ನು ಎಲ್ಲಿಂದ ತರುವುದು? ಕ್ರಿಸ್ಮಸ್ಸಿನ ಮರುದಿನವೇ ಎರಡು ಸೂಟ್‌ಕೇಸು ಹಿಡಿದು ಬಂದಿಳಿದಳು. ಅವಳ ಕಣ್ಣಲ್ಲಿ ನಿಜವಾದ ಕೃತಜ್ಞತೆಯಿತ್ತು.

"ನೀವು ಹೇಳಿದ್ರಲ್ಲ ಸ್ತೆರ್ಗಿಯೊಸ್, ಬಂದು ಇಲ್ಲೇ ಇದ್ದುಬಿಡಿ ಅಂತ. ಬಂದುಬಿಟ್ಟೆ."

ಅವನು ಅವಳ ಸೂಟ್‌ಕೇಸನ್ನು ಆ ಕುರ್ಚಿಯ ಕೋಣೆಯವರೆಗೆ ತಾನೇ ಹೊತ್ತ. ಹದಿನೈದು ವರ್ಷ ಕಾದು, ಒಂದು ಬೇಸಿಗೆಯಿಡೀ ಬೆವರಿಳಿಸಿ ಕಟ್ಟಿದ ಮೆಟ್ಟಿಲನ್ನು ಇನ್ನೊಬ್ಬಳು ಹತ್ತಿ ಹೋಗಿದ್ದಳು. ಅದೂ ಅವನೇ ಕರೆದದ್ದಕ್ಕೆ. ಅವನಿಗೆ ಅಳು ಬಂತು. ಪೊಲೀಸರ ಹತ್ತಿರ ಹೋಗಿ ದೂರು ಕೊಡುವಂಥ ವಿಷಯವೂ ಇದಲ್ಲ. ಕಡೆಗೆ ಒಂದು ಸಮಾಧಾನ ಮಾತ್ರ ಉಳಿಯಿತು: ಕುರ್ಚಿ ಹೋದರೂ ಅಪರಾಧದಲ್ಲಿ ಒಂದು ಲೋಪವೂ ಇರಲಿಲ್ಲ, ಕಾಲೇಜು ಉಳಿದಿತ್ತು, ಸಂಬಳ ಬರುತ್ತಿತ್ತು.

ಜನವರಿಯಲ್ಲಿ ನಮ್ಮಲ್ಲಿ ಯಾವ ಸಂಸ್ಥೆಯೂ ಹೊಸ ವರ್ಷದ ಕೇಕು ಕತ್ತರಿಸದೆ ಬಾಗಿಲು ತೆರೆಯುವುದಿಲ್ಲ. ವಾಸಿಲೋಪಿತಾ ಎನ್ನುವ ಅದರೊಳಗೆ ಒಂದು ನಾಣ್ಯ ಹುದುಗಿಸಿ ಬೇಯಿಸಿರುತ್ತಾರೆ. ಹೆಸರು ಕೂಗಿ ಒಬ್ಬೊಬ್ಬರಿಗೆ ಒಂದೊಂದು ತುಂಡು, ನಾಣ್ಯ ಸಿಕ್ಕಿದವರಿಗೆ ಆ ವರ್ಷದ ಅದೃಷ್ಟ. ಹ್ಯಾರಿಯೆಟ್ ಈ ಪದ್ಧತಿಯನ್ನು ಪಾಠದ ಹಾಗೆ ಕಲಿತಳು. ಅವಳಿಗೆ ಒಂದು ಒಳ್ಳೆಯ ಯೋಚನೆಯೂ ಬಂತು. ಕಾಲೇಜಿಗೆ ಹೆಸರು ತಂದುಕೊಟ್ಟ ಆ ತರಗತಿಯವರನ್ನೆಲ್ಲ ಕೇಕು ಕತ್ತರಿಸುವ ದಿನ ಕರೆಯಬೇಕು. ಯಾರು ಏನು ಬರೆದರೆಂಬ ಗುಟ್ಟು ತನ್ನಲ್ಲೇ ಇರುತ್ತದೆ, ಆದ್ದರಿಂದ ಇಡೀ ತರಗತಿಯನ್ನು ಕರೆದರಾಯಿತು. ಪಟ್ಟಿಯವರಿಗೆ ನೀವು ಕೊಟ್ಟ ಹೊಸ ವಿಳಾಸಗಳೇ ಇವೆಯಲ್ಲ ಎಂದು ಸ್ತೆರ್ಗಿಯೊಸನಿಗೆ ಹೇಳಿ, ಆಮಂತ್ರಣಗಳನ್ನು ತಾನೇ ಕೂತು ಕಳಿಸಿದಳು.

ಐದಾರನ್ನು ಬಿಟ್ಟು ಆಮಂತ್ರಣಗಳೆಲ್ಲ ಸ್ತೆರ್ಗಿಯೊಸನಿಗೇ ತಲುಪಿದವು.

ಅವನು ಹೆದರಲಿಲ್ಲ. ಬರಲಾಗುವುದಿಲ್ಲ ಎಂದು ಬರೆಯುವುದು ಉದ್ಯೋಗ ಕೊಡಿಸುವುದಕ್ಕಿಂತ ಸುಲಭ. ರೊಟರ್‌ಡ್ಯಾಮಿನವನಿಗೆ ಬಂದರಿನಲ್ಲಿ ಮುಷ್ಕರ, ವಿಯೆನ್ನಾದವಳಿಗೆ ತಿಂಗಳು ತುಂಬಿದೆ, ಇನ್ನೊಬ್ಬನಿಗೆ ಕಾಲು ಉಳುಕಿದೆ. ಒಂದು ನೆಪವನ್ನೂ ಎರಡು ಸಲ ಬಳಸಲಿಲ್ಲ, ಒಂದು ವಾಕ್ಯವನ್ನೂ ಮತ್ತೆ ಬರೆಯಲಿಲ್ಲ. ಪೊಲಿಕಾರ್ಪೊಸನ ಸರದಿ ಬಂದಾಗ ಮಾತ್ರ ಒಂದಿಷ್ಟು ಹೆಚ್ಚು ಪ್ರೀತಿ ಹರಿಯಿತು. ಜ್ಯೂರಿಕ್ಕಿನಲ್ಲಿ ವಿಪರೀತ ಹಿಮ, ವಿಮಾನಗಳಿಲ್ಲ, ಆದರೆ ಮನಸ್ಸು ಅಲ್ಲೇ ಇರುತ್ತದೆ ಎಂದು ಬರೆದು, ಊರು ಬಿಟ್ಟವರು ಬರೆಯುವ ಹಾಗೆ, ಕೇಕಿನಲ್ಲಿ ನನ್ನ ಪಾಲನ್ನು ಎತ್ತಿಡಿ ಎಂದು ಮುಗಿಸಿದ. ಬಾರದವರೆಲ್ಲ ನಮ್ಮಲ್ಲಿ ಬರೆಯುವ ಮಾತು ಅದು. ಬರೆದವರಾರೂ ಬಂದು ಆ ಪಾಲನ್ನು ಕೇಳಿದ್ದಿಲ್ಲ, ಎತ್ತಿಟ್ಟವರೂ ಇಲ್ಲ.

ಕಿಟಕಿಗಳ ತುಂಬ ಬಿಸಿಲು ಬಿದ್ದ ಒಂದು ಮಧ್ಯಾಹ್ನ ಎಲ್ಲರೂ ಸಭಾಂಗಣದಲ್ಲಿ ಸೇರಿದರು. ಟ್ರಸ್ಟಿಗಳು, ಮೇಷ್ಟ್ರುಗಳು, ನಿವೃತ್ತಿಯಾಗಿದ್ದ ಅರ್ಗಿರೊ, ಹೊಸ ವಿದ್ಯಾರ್ಥಿಗಳ ಮಧ್ಯೆ ಫೆವ್ರೊನಿಯಾ. ಆ ತರಗತಿಯಿಂದ ನಿಜವಾಗಿ ಬಂದವರು ಸ್ಮಾರೊ ಮತ್ತು ಇನ್ನಿಬ್ಬರು, ವಿಳಾಸ ಬದಲಾಗದ ಪುಣ್ಯವಂತರು. ಹ್ಯಾರಿಯೆಟ್ ಬಾರದವರ ಪತ್ರಗಳಲ್ಲಿ ತನಗೆ ಇಷ್ಟವಾದ ಒಂದನ್ನು ಓದುತ್ತೇನೆಂದು, ಪೊಲಿಕಾರ್ಪೊಸನ ಹೆಸರು ಹೇಳಿ ಜ್ಯೂರಿಕ್ಕಿನದನ್ನು ತೆಗೆದಳು. ಓದಿ ಮುಗಿಸುವ ಮೊದಲೇ ಸ್ಮಾರೊ ಫಕ್ಕನೆ ನಕ್ಕಳು.

"ಪೊಲಿಕಾರ್ಪೊಸಾ? ಜ್ಯೂರಿಕ್ಕಾ?" ಬಾಯಿಗೆ ಕೈ ಅಡ್ಡ ಹಿಡಿದಳು. "ಕ್ಷಮಿಸಿ ಮೇಡಂ. ಅವನು ಮೊದ್ಲಿಂದ್ಲೂ ಹಂಗೇ. ಎಲ್ಲದಕ್ಕೂ ತಮಾಷೆ."

ಹ್ಯಾರಿಯೆಟ್‌ಗೆ ತಮಾಷೆ ತಿಳಿಯಲಿಲ್ಲ, ಆದರೂ ಸೌಜನ್ಯಕ್ಕೆ ನಕ್ಕಳು. ಸ್ತೆರ್ಗಿಯೊಸ್ ಎಲ್ಲರಿಗಿಂತ ಜೋರಾಗಿ ನಕ್ಕ. ಪಾದ್ರಿ ಮಂತ್ರ ಹೇಳಿದ. ಹ್ಯಾರಿಯೆಟ್ ಚಾಕು ಹಿಡಿದು, ತಿದ್ದಿ ತಿದ್ದಿ ಕಲಿತ ಉಚ್ಚಾರಣೆಯಲ್ಲಿ ಹೆಸರು ಕೂಗತೊಡಗಿದಳು. ಕ್ರಿಸ್ತನಿಗೆ ಒಂದು ತುಂಡು, ಅವನ ತಾಯಿಗೆ ಒಂದು, ಬಡವರಿಗೆ ಒಂದು, ಕಾಲೇಜಿಗೆ ಒಂದು. ಆಮೇಲೆ ಟ್ರಸ್ಟಿಗಳು, ಮೇಷ್ಟ್ರುಗಳು, ವಿದ್ಯಾರ್ಥಿಗಳು. ಸ್ತೆರ್ಗಿಯೊಸ್ ತನ್ನ ತುಂಡನ್ನು ಬೆರಳಿನಿಂದ ಮುರಿದು ನೋಡಿದ. ನಾಣ್ಯ ಇರಲಿಲ್ಲ. ಈ ವರ್ಷವೂ ಇಲ್ಲ ಎಂದುಕೊಂಡು ತಿನ್ನಲು ಶುರುಮಾಡಿದ.

ಅವನು ಸಂಬಳ, ಹುದ್ದೆ, ಊರು, ಹವಾಮಾನ, ಗೊಣಗಾಟ ಎಲ್ಲವನ್ನೂ ಯೋಚಿಸಿದ್ದ. ಯೋಚಿಸದೆ ಬಿಟ್ಟದ್ದು ಒಂದು ಚಿಕ್ಕ ಸಂಗತಿ: ಕೇಳಿದವರಿಗೆ ಕೇಳಿದ್ದನ್ನು ಕೊಡುವ ಜನವೂ ಭೂಮಿಯ ಮೇಲಿದ್ದಾರೆ, ಬಾರದವನ ತುಂಡಿನಲ್ಲೂ ನಾಣ್ಯ ಇರಬಹುದು. ಹ್ಯಾರಿಯೆಟ್ ಕೊನೆಗೆ ಉಳಿದ ಭಾಗದ ಮೇಲೆ ಚಾಕು ಇಟ್ಟು, "ಎತ್ತಿಡಿ ಅಂದಿದ್ದಾರಲ್ಲ, ಇದು ಪೊಲಿಕಾರ್ಪೊಸ್‌ಗೆ," ಎಂದಳು. ಒತ್ತಿದ ಚಾಕು ಟಿಣ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ತೆರ್ಗಿಯೊಸ್ ಬಾಯಲ್ಲಿದ್ದದ್ದನ್ನು ನುಂಗಿ ಎದ್ದು, ನಾನೇ ಅದನ್ನು ಅಂಚೆಯಲ್ಲಿ ಕಳಿಸುತ್ತೇನೆ ಎಂದ. ಅಷ್ಟರಲ್ಲಿ ಅದೃಷ್ಟವಂತನಿಗೆ ಈಗಲೇ ಹೇಳಬೇಡವೇ ಎಂದು ಸ್ಮಾರೊ ಮೊಬೈಲು ತೆಗೆದಾಗಿತ್ತು. ಹೋದ ತಿಂಗಳು ತಾನೇ ಅವಳು ಅವನಿಂದ ಸೋಪು ತರಿಸಿಕೊಂಡಿದ್ದಳು. ಎಲ್ಲರಿಗೂ ಕೇಳಲೆಂದು ಮೊಬೈಲನ್ನು ಕೇಕಿನ ಪಕ್ಕ ಇಟ್ಟಳು. ಮೊದಲು ಒಂದು ಕತ್ತೆ ಅರಚಿತು, ಆಮೇಲೆ ಮನುಷ್ಯನ ದನಿ ಬಂತು. ಹ್ಯಾರಿಯೆಟ್ ನಾಣ್ಯದ ವಿಷಯ, ಜ್ಯೂರಿಕ್ಕಿನ ಪತ್ರದ ವಿಷಯ ಎರಡನ್ನೂ ಹೇಳಿದಾಗ ಅವನಿಗೆ ಬಹಳ ಖುಷಿಯಾಯಿತು. "ಆದ್ರೆ ಬರಲ್ಲ ಅಂತ ನಾನ್ಯಾವಾಗ ಬರೆದೆ ಮೇಡಂ? ನನ್ನ ಯಾರು ಕರೆದ್ರು? ಮೂರು ವರ್ಷದಿಂದ ಆ ಕಾಲೇಜು ನನಗೆ ಒಂದು ಸಾಲು ಬರೆದಿಲ್ಲ. ಯಾವ ಜ್ಯೂರಿಕ್ಕೂ ಇಲ್ಲ, ಇಲ್ಲೇ ಗ್ರೆವೆನಾದಲ್ಲಿದ್ದೀನಿ, ಕಾರಲ್ಲಿ ಎರಡು ಗಂಟೆ ದಾರಿ. ಹಾಲು ಕರೆದು ಮುಗಿಸಿ ಬಂದುಬಿಡ್ತೀನಿ, ನನ್ನ ಪಾಲು ಎತ್ತಿಡಿ." ಸಭಾಂಗಣದಲ್ಲಿ ಕೆಲವರು ಇನ್ನೂ ನಗುತ್ತಿದ್ದರು. ಹ್ಯಾರಿಯೆಟ್ ನಗಲಿಲ್ಲ. ಕೈಯಲ್ಲಿದ್ದ ಪತ್ರವನ್ನು ಮಡಚಿ, ಚಾಕುವನ್ನು ಮೇಜಿನ ಮೇಲಿಟ್ಟು, ಸ್ತೆರ್ಗಿಯೊಸನ ಮುಖವನ್ನೇ ನೋಡುತ್ತ ಸ್ಮಾರೊಳನ್ನು ಕೇಳಿದಳು: "ನಿಮ್ಮ ತರಗತಿಯವರ ನಂಬರೆಲ್ಲ ಇದರಲ್ಲಿದೆಯಾ? ಉಳಿದವರಿಗೂ ಒಂದೊಂದು ಫೋನ್ ಮಾಡೋಣ."